ನನ್ನ ಮಾವ ಮೋರ್ಚಾದಲ್ಲಿ ನಡೆದದ್ದು ನಿಜ

ಕಳೆದ ವರ್ಷ ಯುಗಾದಿ ಮುಗಿದ ಮೇಲಿನ ಸೋಮವಾರ, ಬೆಳಗಿನ ಹತ್ತೂವರೆಯ ಹೊತ್ತಿಗೆ, ಗಡಿಯಾಚೆಯ ನಮ್ಮೂರು ಉಮದಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ತಗಡಿನ ನೆರಳಲ್ಲಿ ನಾನು ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹವಾಮಾನ ಉಳಿಸಿ ಎಂದು ಹೊರಟ ಮೋರ್ಚಾದಲ್ಲಿ ನನ್ನ ಸೋದರಮಾವ ನಡೆದ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಅವರದೂ ತಪ್ಪಿಲ್ಲ. ಆಕಾಶವೇ ಇಳಿದು ಬಂದು ಮಾತಾಡಿಸಿದರೂ ‘ಯಾವೂರ ಆಕಾಶ? ಯಾರ ಕಳಿಸ್ಯಾರ?’ ಎಂದು ಕೇಳುವ ಮನುಷ್ಯ ಅವನು!

ಬಸ್ಸು ಹತ್ತುವ ಮೊದಲು ‘ಎಲ್ಲಿಗೆ ಹೋಗ್ತೈತಿ’ ಎಂದು ಡ್ರೈವರನನ್ನು ಕೇಳುತ್ತಾನೆ. ಆಮೇಲೆ ಕಂಡಕ್ಟರನನ್ನು. ಆಮೇಲೆ ಕಿಟಕಿಯಲ್ಲಿ ಕೂತವರನ್ನು. ಎಲ್ಲರೂ ‘ವಿಜಯಪುರ’ ಎಂದರೆ ಕೆಳಗಿಳಿದುಬಿಡುತ್ತಾನೆ. “ಎಲ್ಲಾರೂ ಒಂದ ಮಾತು ಹೇಳ್ತಾರ ಅಂದ್ರ ಮೊದಲ ಮಾತಾಡ್ಕೊಂಡಾರ!” ಮೊಬೈಲನ್ನು ಮೊದಲು ಬೋರಲು ಇಡುತ್ತಿದ್ದ, ಅದು ಮನೆಯೊಳಗಿನದನ್ನೆಲ್ಲ ನೋಡಬಾರದೆಂದು. ಕ್ಯಾಮೆರಾದ ದೊಡ್ಡ ಕಣ್ಣು ಬೆನ್ನಿಗಿದೆ ಎಂದು ನಾನೇ ಒಮ್ಮೆ ಹೇಳಿದೆ. ಅಂದಿನಿಂದ ಅದು ಜೋಳದ ಹಿಟ್ಟಿನ ಡಬ್ಬಿಯಲ್ಲಿದೆ. ಫೋನು ಬಂದರೆ ಡಬ್ಬಿ ನಡುಗುತ್ತದೆ. ಯಾರೂ ತೆಗೆಯುವುದಿಲ್ಲ.

ಇಂಥವನಿಗೆ ಒಂದು ದಿನ ನಿಜವಾದ ಭಯ ಬಂತು. ಮೋರ್ಚಾದ ಹಿಂದಿನ ಬೇಸಿಗೆಯಲ್ಲಿ ಕುರಿ ಕಾಯಲು ಹೋದ ಅತ್ತೆ ಮಧ್ಯಾಹ್ನದ ಬಿಸಿಲಿಗೆ ಬಿದ್ದಳು. ಜತ್ತಿನ ಡಾಕ್ಟರರು ಉಳಿಸಿಕೊಟ್ಟರು. ಇನ್ನೊಮ್ಮೆ ಹೀಗಾದರೆ ಕಷ್ಟ, ಬಿಸಿಲಿಗೆ ಬಿಡಬೇಡಿ ಎಂದರು. ಮಾವ ಅವರನ್ನೂ ನಂಬಲಿಲ್ಲ. “ಬಿಸಿಲಾಗ ಹುಟ್ಟಿ ಬಿಸಿಲಾಗ ಬೆಳದಾಕಿ. ಬಿಸಿಲಿಗೆ ಬೀಳ್ತಾಳೇನು?” ಎಂದ. ಆದರೆ ಅಂದಿನಿಂದ ಹೊತ್ತೇರಿದ ಮೇಲೆ ಹೊಸ್ತಿಲ ಮೇಲೆ ಅಡ್ಡ ಕೂತುಬಿಡುತ್ತಿದ್ದ. ಅತ್ತೆ ದಾಟಿ ಹೋಗುವುದಾದರೂ ಹೇಗೆ?

ಅಷ್ಟರಲ್ಲಿ ಮೋರ್ಚಾದ ಸುದ್ದಿ ಬಂತು. ಹೆಣ್ಣುಮಕ್ಕಳ ಬಚತ ಗಟದವರು, ಅಂದರೆ ಉಳಿತಾಯ ಸಂಘದವರು, ಮತ್ತು ಶಾಲೆಯ ಮಕ್ಕಳು ಕೂಡಿ ಪಂಚಾಯತಿಯವರೆಗೆ ನಡೆಯುವುದು, ರಸ್ತೆಗೆ ನೆರಳಿನ ಗಿಡ, ಕುರಿದಾರಿಗೆ ನೀರಿನ ತೊಟ್ಟಿ ಕೇಳುವುದು. ಮುಂದಾಳು ಶಾಲೆಯ ಬಾಯಿಯವರು. ನಮ್ಮ ಕಡೆ ಶಿಕ್ಷಕಿಯನ್ನು ಹಾಗೆ ಕರೆಯುತ್ತೇವೆ. ಅತ್ತೆಯೂ ಹೋಗುತ್ತೇನೆಂದಳು. ಹಿಂದಿನ ದಿನ ಮಾವನ ಮನೆಯಲ್ಲಿ ನಡೆದ ಮಾತನ್ನು ಕಟ್ಟೆಯ ಮೇಲೆ ಕೂತು ನಾನೇ ಕೇಳಿದ್ದೇನೆ.

“ಮೋರ್ಚಾ ಯಾರ ವಿರುದ್ಧ?”

“ಬಿಸಿಲಿನ ವಿರುದ್ಧ.”

“ಬಿಸಿಲು ಹೆಚ್ಚಾಗೇತಿ ಅಂತ ಹೇಳಾಕ ಬಿಸಿಲಾಗ ನಡೀಬೇಕಾ? ಇದರಾಗ ಏನೋ ಐತಿ. ಬಿಸಿಲೇನು ಕೇಳಿಸ್ಕೊಂತೈತೇನು?”

“ಮದುವಿ ಆದಾಗಿಂದ ನಿಮಗ ಹೇಳಾಕತ್ತೀನಿ, ನೀವೂ ಕೇಳಿಸ್ಕೊಂಡಿಲ್ಲ. ಹಂಗಂತ ಹೇಳೂದು ಬಿಟ್ಟೀನೇನು?”

ಆಮೇಲೆ ಅತ್ತೆಯೇ ಮೆಲ್ಲಗೆ, “ಬಿದ್ದಾಕಿ ನಾನು. ನಾ ಹೇಳಲಿಲ್ಲಂದ್ರ ಯಾರು ಹೇಳಬೇಕು?” ಎಂದಳು. ಮಾವ ಹೊಸ್ತಿಲಿನಿಂದ ಎದ್ದ. ಅದನ್ನು ಒಪ್ಪಿಗೆ ಎನ್ನಬಹುದೇ? ನಾನು ಅಷ್ಟು ಹೇಳಲಾರೆ. ಎದ್ದ, ಅಷ್ಟೆ.

ಸೋಮವಾರ ಮೋರ್ಚಾ ಹೊರಟಿತು. ಎಲ್ಲರ ಕೈಯಲ್ಲೂ ಬೇವಿನ ಟೊಂಗೆ. ರಸ್ತೆಯ ಆಚೆ ಬದಿಗೆ ಮಾವ ತನ್ನ ಕುರಿ ಹಿಂಡಿನೊಂದಿಗೆ ನಿಂತಿದ್ದ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸುಮ್ಮನೆ ಆ ದಾರಿಗೆ ಬಂದವನಂತೆ! ಒಬ್ಬೊಬ್ಬರ ಮುಖವನ್ನೂ ಕಳ್ಳರನ್ನು ಗುರುತು ಹಿಡಿಯುವವನ ಹಾಗೆ ನೋಡುತ್ತಿದ್ದ.

ಇಲ್ಲೇ ಆದದ್ದು ಅನಾಹುತ. ಹುಲ್ಲು ಒಣಗಿದ ದಿನಗಳಲ್ಲಿ ನಮ್ಮ ಕುರುಬರು ಟೊಂಗೆ ಕಡಿದು ಹಿಡಿದು ಮುಂದೆ ನಡೆಯುತ್ತಾರೆ, ಹಿಂಡು ಹಿಂದೆ ಬರುತ್ತದೆ. ಮಾವನ ಕುರಿಗಳು ಹಸಿರು ಸೊಪ್ಪು-ತಪ್ಪಲು ಹಿಡಿದ ಅಷ್ಟೊಂದು ಕೈಗಳನ್ನು ಒಟ್ಟಿಗೆ ಎಂದೂ ಕಂಡಿರಲಿಲ್ಲ. ಒಂದು ತಿರುಗಿತು, ಎಲ್ಲವೂ ತಿರುಗಿದವು. ಇಡೀ ಹಿಂಡು ಮೋರ್ಚಾ ಸೇರಿತು! ‘ಗಿಡ ಉಳಿಸ್ರಿ’ ಎಂದು ಮಕ್ಕಳು ಕೂಗುತ್ತಿದ್ದರು, ಹಿಂದಿನಿಂದ ಕುರಿಗಳು ಆ ಗಿಡವನ್ನೇ ತಿನ್ನುತ್ತಿದ್ದವು.

“ನನ್ನ ಕುರಿ ಹೊಡ್ಕೊಂಡ ಹೊಂಟೀರೇನು?” ಮಾವ ರಸ್ತೆ ದಾಟಿ ಓಡಿ ಬಂದ. “ನನಗ ಮೊದಲ ಗೊತ್ತಿತ್ತು!”

“ನಾವು ಕರದಿಲ್ರೀ ಕಾಕಾ,” ಎಂದರು ಬಾಯಿಯವರು. “ಅವಽ ಬಂದಾವು.”

“ಅವಽ ಹೆಂಗ ಬರ್ತಾವು? ತಪ್ಪಲ ಹಿಡದವರ ಹಿಂದ ಹೋಗ್ರಿ ಅಂತ ಅವಕ್ಕ ಯಾರ ಕಲಿಸ್ಯಾರ?”

“ನೀವಽ ಅಲ್ಲೇನ್ರಿ?”

ತನ್ನ ಮೇಲೆಯೇ ಸಂಶಯಪಡುವ ಸಂದರ್ಭ ಮಾವನಿಗೆ ಅದುವರೆಗೆ ಬಂದಿರಲಿಲ್ಲ. ಹಿಂಡು ಹೋದಲ್ಲಿ ಕುರಿಗಾರ ಹೋಗಬೇಕು, ಅವನೂ ನಡೆದ. ಜನ ನಕ್ಕರು. ನಾನೂ ನಕ್ಕೆ. ಲೋಟ ಕೆಳಗಿಟ್ಟು, ರಸ್ತೆಯ ಈ ಬದಿಯಿಂದಲೇ ಅವರ ಸಮಕ್ಕೆ ನಡೆದೆ.

ಮೋರ್ಚಾದ ಕೊನೆಗೆ ಅತ್ತೆ ಇದ್ದಳು. ಹೀಗಾಗಿ ಇಬ್ಬರೂ ಅಕ್ಕಪಕ್ಕ ಬಂದರು. ಅವರನ್ನು ಹಾಗೆ ನಾನು ಹಿಂದೆ ನೋಡಿಲ್ಲ. ಮದುವೆಗೆ ಹೋದರೂ ಅವನು ಮುಂದೆ, ಅವಳು ಬಹಳ ಹಿಂದೆ; ಎರಡು ಊರಿನಿಂದ ಬಂದವರ ಹಾಗೆ ಚಪ್ಪರ ಸೇರುವವರು.

ಅಂಗಡಿಗಳ ಸಾಲು ಮುಗಿದ ಮೇಲೆ ನೆರಳಿಲ್ಲ. ಅಲ್ಲಿ ಅತ್ತೆಯ ಹೆಜ್ಜೆ ಸಣ್ಣದಾಯಿತು. ಲೈಟಿನ ಕಂಬಕ್ಕೆ ಕೈ ಕೊಟ್ಟು ನಿಂತಳು. ನನಗೆ ಹಿಂದಿನ ವರ್ಷದ ನೆನಪಾಯಿತು. ಮಾವ ಹೆಗಲ ಕಂಬಳಿ ಎಳೆದ. ಕೋಲಿನ ಮೇಲೆ ಹಾಕಿ ಅವಳ ತಲೆಯ ಮೇಲೆ ಎತ್ತಿ ಹಿಡಿದ, ಗುಡಾರದ ಹಾಗೆ. ಇನ್ನೊಂದು ಕೈಯಿಂದ ಸೊಂಟದ ಬಾಟಲಿ ಬಿಚ್ಚಿ ನೀರು ಕುಡಿಸಿದ.

“ಮನಿಗೆ ಹೋಗೂಣು?”

“ಇಲ್ರಿ. ಪಂಚಾಯತಿ ಮಟಾ ಹೋಗ್ತೀನಿ.”

ಅವನು ಬೇಡವೆನ್ನಲಿಲ್ಲ. ಕಂಬಳಿ ಎತ್ತಿ ಹಿಡಿದೇ ಜೊತೆಗೆ ನಡೆದ. ಅಷ್ಟರಲ್ಲಿ ಅವನ ಕುರಿಗಳು ದಾರಿಬದಿಗೆ ಮಾರಲು ಕೂತಿದ್ದ ಶಾಂತವ್ವನ ಕೊತ್ತಂಬರಿ ಬುಟ್ಟಿಗೆ ನುಗ್ಗಿದ್ದವು, ಅವಳು ಬೈಯುತ್ತಿದ್ದಳು. ತನ್ನ ಕುರಿಯ ಕಡೆ ಯಾರು ಕಣ್ಣೆತ್ತಿದರೂ ಸಂಶಯಪಡುವವನು ಒಮ್ಮೆಯೂ ಅತ್ತ ತಿರುಗಲಿಲ್ಲ.

“ಮಂದಿ ನೋಡಾಕತ್ತಾರ್ರಿ,” ಎಂದಳು ಅತ್ತೆ. “ನೀವು ಮುಂದ ನಡೀರಿ.”

“ನೀ ನಡಿ,” ಎಂದ ಮಾವ. “ನನಗ ಈ ಬಿಸಿಲಿನ ಮ್ಯಾಲ ಸಂಶಯ.”

ಪಂಚಾಯತಿಯ ಮೆಟ್ಟಿಲಿನವರೆಗೆ ಹಾಗೆಯೇ ಹೋದರು. ಅತ್ತೆ ಒಳಗೆ ಹೋಗಿ, ತಾನು ಬಿದ್ದದ್ದನ್ನು ತನ್ನ ಬಾಯಿಂದಲೇ ಹೇಳಿ ಬಂದಳು.

ಮಾವನನ್ನು ಕೇಳಿದರೆ ‘ನಾನಲ್ಲ, ಯಾರೋ ನನ್ನಂಗ ಕಾಣಾವರು’ ಎನ್ನುತ್ತಾನೆ. ಅದಕ್ಕೇ ಕಂಡವರ ಹೆಸರು ಹೇಳಿ ಮುಗಿಸುತ್ತೇನೆ. ಚಹಾದಂಗಡಿಯ ಅಜ್ಜ ದೀಪಾವಳಿಗೆ ತೀರಿಕೊಂಡರು. ಬಾಯಿಯವರು ಇದ್ದಾರೆ, ಬಾಲಗಾಂವದಿಂದ ದಿನಾ ಬಸ್ಸಿಗೆ ಬರುತ್ತಾರೆ. ಶಾಂತವ್ವ ಇದ್ದಾಳೆ, ಇನ್ನೂ ಸಿಟ್ಟಿನಲ್ಲಿದ್ದಾಳೆ. ನಾನಿದ್ದೇನೆ.

ಅತ್ತೆ ಇದ್ದಾಳೆ.