ದೆವ್ವ ಬಾರದ ದೆವ್ವದ ಸಿನಿಮಾ

ದೆವ್ವವೇ ಬಾರದ ದೆವ್ವದ ಸಿನಿಮಾ ತೆಗೆಯುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬನಿದ್ದರೆ, ಅವನು ನನ್ನ ತಂಗಿಯ ಮಗ! ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಬಿಡುವಾದಾಗ ಮೊಬೈಲಿನಲ್ಲಿ ಪುಟ್ಟ ಪುಟ್ಟ ಸಿನಿಮಾ ತೆಗೆಯುತ್ತಾನೆ. ಒಂದರಲ್ಲಿ ಒಬ್ಬಾತ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅಡುಗೆಮನೆಗೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಅಷ್ಟೇ, ಮುಗಿಯಿತು! ಇನ್ನೊಂದರಲ್ಲಿ ಮಗ್ಗ ನಿಂತಿದೆ, ಅದರ ಸದ್ದು ಮಾತ್ರ ನಿಲ್ಲುವುದಿಲ್ಲ.

"ಲೇ, ದೆವ್ವ ಎಲ್ಲೈತೋ?" ಎಂದು ಕೇಳಿದೆ.

"ಬಂದಿಲ್ಲ ಮಾವ. ಬಂದ್ಬಿಟ್ರೆ ಭಯ ಹೋಗ್ತೈತೆ."

ಇಂಥವನಿಗೆ ಏನು ಹೇಳುತ್ತೀರಿ?

ಒಮ್ಮೆ ನಾನು ಚಳ್ಳಕೆರೆಯಿಂದ ಹೋದಾಗ ನನಗೂ ಒಂದು ಪಾತ್ರ ಕೊಟ್ಟ. ಹೊರಗೆ ನಿಂತು ಅವನ ಮನೆಯ ಬಾಗಿಲು ಬಡಿಯುವ ಪಾತ್ರ.

"ಬಾಗ್ಲು ತೆಗೆದ್ಮೇಲೆ ನನ್ನ ಡೈಲಾಗ್ ಏನು?"

"ತೆಗೆಯೋದೇ ಇಲ್ಲ ಮಾವ. ಬಡೀತಾ ಇರ್ರಿ."

ನಮ್ಮ ಕಡೆ ಬಾಗಿಲು ಬಡಿಯುವ ಪದ್ಧತಿಯೇ ಇಲ್ಲ. ಹಗಲೆಲ್ಲ ಬಾಗಿಲು ತೆರೆದೇ ಇರುತ್ತದೆ. ನೆಂಟರು ಬೀದಿಯಿಂದಲೇ ಕೂಗುತ್ತಾರೆ, ಚಪ್ಪಲಿ ಬಿಡುತ್ತಾರೆ, ನೇರ ಒಳಗೆ! ಹಾಗಾಗಿ ಬಿಸಿಲಲ್ಲಿ ದಬದಬ ಬಡಿಯುತ್ತಿದ್ದ ನನ್ನನ್ನು ಕಂಡು ಎದುರುಮನೆಯಾಕೆ ಮರುಗಿದಳು. "ಯಾಕ್ರೀ ಯಜಮಾನ್ರೇ, ಅಳಿಯ ಒಳಕ್ಕೆ ಸೇರಿಸ್ತಿಲ್ವಾ? ಬರ್ರಿ, ನಮ್ಮನೇಲಾದ್ರೂ ಚಾ ಕುಡೀರಿ."

ಆ ಸಿನಿಮಾವನ್ನು ನಮ್ಮ ಮನೆಯಲ್ಲಿ ಮಗಳ ಸೀಮಂತಕ್ಕೆ ನೆಂಟರೆಲ್ಲ ಸೇರಿದ ದಿನ ಟೀವಿಗೆ ಹಾಕಿದೆವು. ಒಳಗೆ ಕೂತವನ ಪಾತ್ರ ಅವನದೇ. ಬಾಗಿಲು ನೋಡುತ್ತಾನೆ, ಬೆವರುತ್ತಾನೆ, ಏಳುವುದಿಲ್ಲ. ನನಗೆ ತಡೆಯಲಾಗಲಿಲ್ಲ. "ಎದ್ದು ತೆಗಿಯಲೇ, ನಿಮ್ಮ ಮಾವ ಬಿಸಿಲಿಗೆ ಹಪ್ಪಳ ಆದ!" ಎಂದೆ. ಮನೆತುಂಬ ನಗು. ಅವನೂ ನಕ್ಕ. ಆ ನಗುವನ್ನು ನಿಜವೆಂದು ನಂಬಿದೆನಲ್ಲ!

ಅಲ್ಲಿಗಾದರೂ ಬಿಟ್ಟೆನೇ? "ಮೊಳಕಾಲ್ಮುರಿಗೆ ಹೋದೋರೆಲ್ಲ ಇವನ ಬಾಗ್ಲು ಬಡಿದು ಬರ್ರಪ್ಪಾ!" ಎಂದು ಸಾರಿದೆ. ನೆಂಟರಿಗೆ ಇನ್ನೇನು ಬೇಕು? ಮದುವೆಯ ಸೀರೆಗೆ ಹೋದವರು ಬಡಿದರು. ಬರೀ ದಾರಿಯಲ್ಲಿ ಹಾದುಹೋಗುವವರೂ ಇಳಿದು ಬಡಿದರು. ಬಡಿದು, ಗೋಡೆಯ ಮರೆಗೆ ನಿಂತು ನನಗೆ ಫೋನು! ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಒಂದು ದಿನ ಅವನ ಹೆಂಡತಿಯ ಫೋನು ಬಂತು.

"ಮಾವ, ಬಡಿಯೋದು ಬಿಡಿಸ್ರಿ. ಅದು ನಾಟಕ ಅಲ್ಲ. ಹೊರಗೆ ಯಾರಾದ್ರೂ ಬಂದ್ರೆ ನಮ್ಮನೆಯವ್ರಿಗೆ ಎದೆ ಹಿಡ್ಕಂಡಂಗಾಗ್ತೈತೆ, ಕೈ ನಡುಗ್ತೈತೆ. ಬಾಯಲ್ಲಿ ಹೇಳಾಕೆ ಬರ್ದೆ ಸಿನಿಮಾ ಮಾಡ್ತಿದ್ರು. ಈಗ ಅದನ್ನೂ ಬಿಟ್ಟವ್ರೆ. ಮಗ್ಗಕ್ಕೂ ಕೂರ್ತಿಲ್ಲ."

ಹುಡುಗ ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ತನ್ನ ಸಂಕಟ ಹೇಳಿಕೊಂಡಿದ್ದ. ನಾನು ಅದನ್ನು ಊರಿಗೆಲ್ಲ ಆಟ ಮಾಡಿ ಹಂಚಿದ್ದೆ. ನೆಂಟರಲ್ಲಿ ಒಬ್ಬೊಬ್ಬರಿಗೂ ಫೋನು ಮಾಡಿ, ತಪ್ಪು ನನ್ನದೆಂದು ಹೇಳಿ ಬಡಿಯುವುದನ್ನು ನಿಲ್ಲಿಸಿದೆ.

ಮೊಳಕಾಲ್ಮುರಿಗೆ ಹೋಗಿ, ಬಳ್ಳಾರಿಯ ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣವೆಂದೆ. "ನೀವೂ ಬಂದ್ರೆ ಬರ್ತೀನಿ" ಎಂದ. ಬಸ್ಸು ಹೊರಟಿದ್ದೇ ಅವನ ಉಸಿರು ಜೋರಾಯಿತು. ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

"ನನ್ನಿಂದ ತಪ್ಪಾತು ಕಣಪ್ಪಾ" ಎಂದೆ.

"ಅದು ಆಮೇಲೆ ಮಾವ. ಈಗ ಏನಾದ್ರೂ ಮಾತಾಡ್ತಾ ಇರ್ರಿ."

ಜನ್ಮದಲ್ಲಿ ಮೊದಲ ಸಲ ನನಗೆ ಮಾತು ಹೊಳೆಯಲಿಲ್ಲ! ಕಿಟಕಿಯಿಂದ ಕಂಡ ಬೋರ್ಡುಗಳನ್ನೇ ಓದತೊಡಗಿದೆ. "ಪಂಕ್ಚರ್ ಶಾಪು. ಬೀಜ, ಗೊಬ್ಬರ. ಮಂಡಕ್ಕಿ, ಮಿರ್ಚಿ."

"ಅಜ್ಜಾ, ಸ್ಟಾಪು ಬಂದ್ರೆ ನಾನೇ ಕೂಗ್ತೀನಿ, ಸುಮ್ನೆ ಕೂರ್ರಿ" ಎಂದ ಕಂಡಕ್ಟರ್. ನಾನು ಸುಮ್ಮನಾಗಲಿಲ್ಲ. ರಾಂಪುರ ದಾಟಿತು. ಬೋರ್ಡುಗಳು ಮುಗಿದು ಬರೀ ಬಯಲು.

"ಜಾಲಿ ಗಿಡ" ಎಂದೆ. "ಅದರ ಪಕ್ಕ ಇನ್ನೊಂದು ಜಾಲಿ ಗಿಡ."

ತೋಳು ಹಿಡಿದ ಕೈ ಸ್ವಲ್ಪ ಸಡಿಲವಾಯಿತು.

"ಮುಂದೆ ಹೇಳ್ರಿ ಮಾವ" ಎಂದ.