ಸಿನಿಮಾ ಬಿಟ್ಟ ಮೇಲೆ ನಾನು ಹೀರೋ

ಧಾರವಾಡದಿಂದ ಪುಣೆಗೆ ಬಂದು, ವಿಮಾ ಕಚೇರಿಯ ಗುಮಾಸ್ತನಾಗಿ ತಲೆ ಬೆಳ್ಳಗಾದರೂ ನನ್ನದೊಂದು ಹುಚ್ಚು ಹೋಗಿಲ್ಲ. ಯಾರಿಗೂ ಬೇಡದ ಸಾಮಾನ್ಯ ಮನುಷ್ಯ ಎದ್ದು ನಿಂತು ಊರನ್ನೇ ನಡುಗಿಸುವ ಸಿನಿಮಾ ನೋಡಿದರೆ ಒಂದೆರಡು ದಿನ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ಆಗ ಏನಾದರೊಂದು ಆಗಿಯೇ ತೀರುತ್ತದೆ.

ರಿಕ್ಷಾ

ವಾಕಡದ ಥೇಟರಿನಿಂದ ಹೊರಬಿದ್ದಿದ್ದೆ. ಕಿವಿಯಲ್ಲಿನ್ನೂ ಹಿನ್ನೆಲೆ ಸಂಗೀತ. ರಿಕ್ಷಾದವನು ಬರುವುದಿಲ್ಲ ಎಂದು ತಲೆಯಾಡಿಸಿದ. ನಾನು ಎರಡೂ ಕೈ ಚಾಚಿ ರಿಕ್ಷಾದ ಮುಂದೆ ನಿಂತುಬಿಟ್ಟೆ. ಗಾಳಿಗೆ ಕೂದಲು ಹಾರಿದಂತೆನಿಸಿತು, ಹಾರುವಷ್ಟು ಇಲ್ಲದಿದ್ದರೂ. ಟ್ರಾಫಿಕ್ ಪೊಲೀಸ್ ಓಡಿ ಬಂದ.

"ಕಾಕಾ, ಚಕ್ಕರ್ ಆಲೀ ಕಾ?" ತಲೆ ಸುತ್ತಿತೇ ಎಂದು ಮರಾಠಿಯಲ್ಲಿ ಕೇಳಿ, ಮುಖಕ್ಕೆ ನೀರು ಚಿಮುಕಿಸಿ, ಅದೇ ರಿಕ್ಷಾದಲ್ಲಿ ಕೂಡಿಸಿ, "ಕಾಕಾರನ್ನು ಮನೆ ಮುಟ್ಟಿಸು" ಎಂದು ಚಾಲಕನನ್ನು ಗದರಿದ.

ನ್ಯಾಯಕ್ಕೇ ಜಯ. ಮುಖ ಒದ್ದೆಯಾಗಿತ್ತು, ಅಷ್ಟೇ.

ಭಾಷಣ

ಇನ್ನೊಂದು ಸಿನಿಮಾದ ಮರುದಿನ ನಮ್ಮ ಹೌಸಿಂಗ್ ಸೊಸೈಟಿಯ ಸಭೆ. ನೀರಿನ ಗಲಾಟೆ. ಚೇರ್ಮನ್ನರ ಎದುರು ಎಲ್ಲರೂ ನೆಲ ನೋಡುತ್ತ ಕೂತಿದ್ದರು. ಹಿಂದಿನ ಸಾಲಿನಿಂದ ನಾನೆದ್ದೆ. ನಮ್ಮ ಖಾಲಿ ಕೊಡದಿಂದ ಹಿಡಿದು ದೇಶದ ನದಿಗಳವರೆಗೆ ಮಾತಾಡಿದೆ. ಈಗ ಯಾರೋ ಒಬ್ಬರು ಚಪ್ಪಾಳೆ ಶುರುಮಾಡಬೇಕು, ಸಿನಿಮಾದಲ್ಲಿ ಹಾಗೇ ಆಗುವುದು.

ಶುರುಮಾಡಿದವರು ಚೇರ್ಮನ್ನರೇ! "ಅಂತೂ ನಮಗೆ ಸೆಕ್ರೆಟರಿ ಸಿಕ್ಕರು!"

ಈಗ ಬೆಳಗಾದರೆ ನಲ್ಲಿಯಲ್ಲಿ ನೀರು ಬಾರದವರೆಲ್ಲ ನನ್ನ ಬಾಗಿಲು ಬಡಿಯುತ್ತಾರೆ. ಅರೆನಿದ್ದೆಯಲ್ಲಿ ಅದು ಚಪ್ಪಾಳೆಯಂತೆಯೇ ಕೇಳಿಸುತ್ತದೆ.

ಅಂಗಿ

ಇದು ಎಲ್ಲಕ್ಕಿಂತ ದೊಡ್ಡದು. ಇಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿಯ ಜೊತೆ ಬಸ್ಸಿಗೆ ಕಾಯುತ್ತಿದ್ದೆ. ಅಲ್ಲೇ ಶೂಟಿಂಗ್ ನಡೆದಿತ್ತು. ದೊಡ್ಡ ಹೀರೋ, ಆದರೆ ಸಾಮಾನ್ಯ ಮನುಷ್ಯನ ಪಾರ್ಟು. ನನ್ನನ್ನು ಕಂಡದ್ದೇ ನಿರ್ದೇಶಕ ಓಡಿ ಬಂದ.

"ಇದೇ! ನನಗೆ ಬೇಕಾದದ್ದು ಇದೇ!"

ನನ್ನ ಎದೆ ಹಿಗ್ಗಿತು.

"ಕಾಕಾ, ನಿಮ್ಮ ಅಂಗಿ ಕೊಡ್ತೀರಾ?"

ಕೊಟ್ಟೆ. ಹೀರೋನ ಗರಿಗರಿ ಅಂಗಿ ತೊಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಮ್ಮಾಕಿ ಮುಖ ಗಂಟು ಹಾಕಿಕೊಂಡೇ ಕೂತಿದ್ದಳು.

ಆ ಸಿನಿಮಾ ಬಂದಾಗ ಇಬ್ಬರೂ ಹೋದೆವು. ಹೀರೋ ಅನ್ಯಾಯದ ವಿರುದ್ಧ ಕೈಯೆತ್ತಿದ. ಥೇಟರಿನ ತುಂಬ ಸೀಟಿ. ನಮ್ಮಾಕಿ ಎದ್ದು ನಿಂತು ಕೂಗಿಯೇಬಿಟ್ಟಳು: "ಬಗಲಾಗ ನೋಡ್ರಿ! ಆ ಹೊಲಿಗಿ ನಾನ ಹಾಕಿದ್ದು!"

ಮುಂದಿನ ಸಾಲಿನ ಹೆಣ್ಣುಮಗಳು, ನಮ್ಮ ಕಡೆಯವಳೇ ಇರಬೇಕು, ತಿರುಗಿ ಬೆರಗಾಗಿ ಕೇಳಿದಳು: "ಹೌದೇನ್ರಿ? ಹೀರೋ ನಿಮ್ಮ ಪೈಕಿ ಏನ್ರಿ?"

"ಹೌದ್ರಿ," ಎನ್ನುತ್ತ ನಮ್ಮಾಕಿ ಕತ್ತಲಲ್ಲಿ ನನ್ನ ಕೈ ಹಿಡಿದಳು. "ಅಲ್ಲಿ ಅಂಗಿ ಅಷ್ಟ ಅದ. ಹೀರೋ ಇಲ್ಲೇ ಕೂತಾರ."