ಗೋದಲಿಗೆ ಬಿತ್ತಿದ ಭತ್ತ

ಕಾಯುವುದೆಂದರೆ ನನಗೆ ಆಗದ ಕೆಲಸ. ಹೋಟೆಲಿನಲ್ಲಿ ಚಾ ಬರುವುದು ಸ್ವಲ್ಪ ತಡವಾದರೆ ಎದ್ದು ಅಡುಗೆ ಕೋಣೆಯ ಬಾಗಿಲಲ್ಲಿ ನಿಲ್ಲುವವನು ನಾನು. ಪುತ್ತೂರಿನಿಂದ ನರಿಮೊಗರಿಗೆ ಬಸ್ಸು ಬರಲಿಲ್ಲವೆಂದು ಸಿಟ್ಟಿನಲ್ಲಿ ನಡೆದು ಹೊರಟು, ಅರ್ಧ ದಾರಿಯಲ್ಲಿ ಅದೇ ಬಸ್ಸು ನನ್ನ ಮೇಲೆ ಧೂಳು ಹಾರಿಸಿಕೊಂಡು ಹೋದದ್ದೂ ಉಂಟು. ತಾಳಿದವನು ಬಾಳಿಯಾನು ಎಂಬ ಗಾದೆ ಮಾಡಿದವನಿಗೆ ಬಹುಶಃ ಬೇರೆ ಕೆಲಸ ಇರಲಿಲ್ಲ. ಇಂಥ ನನ್ನನ್ನು ದೇವರು ಕ್ರೈಸ್ತರ ಮನೆಯಲ್ಲಿ ಹುಟ್ಟಿಸಿ, ಕ್ರಿಸ್ಮಸಿಗೆ ಮುಂಚೆ ನಾಲ್ಕು ಭಾನುವಾರಗಳ ಆಗಮನ ಕಾಲ ಎಂದು ಒಂದನ್ನು ಇಟ್ಟು, ಕಾಯಿ ಮಗನೇ ಎಂದು ಕೂರಿಸಿದ್ದಾನೆ. ಹಸಿರೆಲೆಯ ಚಕ್ರದಲ್ಲಿ ನಾಲ್ಕು ಮೇಣದಬತ್ತಿ ನಿಲ್ಲಿಸಿ ವಾರಕ್ಕೊಂದರಂತೆ ಹೊತ್ತಿಸುವುದು ಕ್ರಮ. ಚಿಕ್ಕಂದಿನಲ್ಲಿ ಒಮ್ಮೆ ನಾನು ಮೊದಲ ವಾರವೇ ನಾಲ್ಕನ್ನೂ ಹೊತ್ತಿಸಿ, ಈಗ ಕ್ರಿಸ್ಮಸ್ ಬರುತ್ತದೆ ಎಂದು ಅದರ ಎದುರು ಕೂತಿದ್ದೆ. ಬಂದದ್ದು ಅಪ್ಪ.

ನಮ್ಮ ಮನೆಯಲ್ಲಿ ಕಾಯುವುದಕ್ಕೆ ಇನ್ನೊಂದು ಏರ್ಪಾಡೂ ಉಂಟು. ಮೊದಲ ಬತ್ತಿ ಹೊತ್ತಿಸುವ ಭಾನುವಾರ ಮನೆಯ ಪ್ರತಿಯೊಬ್ಬರೂ ಒಂದೊಂದು ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿಸಿ ಕಾಳು ಬಿತ್ತಬೇಕು. ಕ್ರಿಸ್ಮಸಿನ ಮುಂಚಿನ ದಿನ ಬಾಲಯೇಸುವಿಗೆ ಗೋದಲಿ, ಅಂದರೆ ಅವನು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವಾಗ, ಮೊಳೆತು ಹಸಿರಾದ ಆ ಗೆರಟೆಗಳನ್ನು ಸುತ್ತಲೂ ಗದ್ದೆಯ ಹಾಗೆ ಇಡುವುದು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ನನ್ನ ತಾಯಿ, ನಾವು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತೇವೆ, ಇದಕ್ಕೆ ತನ್ನದೇ ಒಂದು ಶಾಸ್ತ್ರ ಸೇರಿಸಿದ್ದಾಳೆ. ಗೆರಟೆಗೆ ಬರೀ ನೀರು ಸಾಲದಂತೆ, ದಿನಕ್ಕೊಂದು ತ್ಯಾಗ ಬೇಕಂತೆ. ಇಷ್ಟವಾದದ್ದು ಒಂದನ್ನು ಬಿಡಬೇಕು, ಇಲ್ಲವೇ ಕಷ್ಟವಾದದ್ದು ಒಂದನ್ನು ಮಾಡಬೇಕು. ಮನಸ್ಸು ಕಲ್ಲು ಮಾಡಿಕೊಂಡವನ ಗೆರಟೆ ಮೊಳೆಯುವುದಿಲ್ಲ ಎಂಬುದು ಅವಳ ತೀರ್ಪು. ಇದು ಯಾವ ಧರ್ಮಗ್ರಂಥದಲ್ಲಿ ಉಂಟು ಎಂದು ನಾನು ಫಾದರಲ್ಲಿ ಕೇಳಿದೆ. ಅವರು ನಕ್ಕು, ನಿಮ್ಮ ಮಾಂಯಲ್ಲಿ ವಾದ ಮಾಡುವಷ್ಟು ನಾನು ಓದಿಲ್ಲ ಎಂದು ಜಾರಿಕೊಂಡರು.

ಈಗ ನನ್ನ ತಮ್ಮ ವಲೇರಿಯನನ ವಿಷಯ ಹೇಳಬೇಕು. ಪೆರಾಬೆಯಲ್ಲಿ ಮನೆ ಮಾಡಿಕೊಂಡಿದ್ದಾನೆ. ನನಗಿಂತ ಒಂದೇ ವರ್ಷ ಚಿಕ್ಕವನು, ಆದ್ದರಿಂದ ಅಣ್ಣ ಎಂಬ ಮರ್ಯಾದೆಯನ್ನು ಹುಟ್ಟಿದಾಗಿನಿಂದ ಕೊಟ್ಟವನಲ್ಲ. ಅವನಿಗೂ ನನಗೂ ಮಾತು ನಿಂತದ್ದು ಒಂದು ಬಸ್ಸಿನಿಂದಾಗಿ. ನಾನು ಗೋದಲಿ ಚಂದ ಕಾಣಲಿ ಎಂದು ಮದುವೆಯಾಗಿ ಹೋದ ಮಗಳ ಹಳೆಯ ಆಟಿಕೆ ಬಸ್ಸೊಂದನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿದ್ದೆ. ಕ್ರಿಸ್ಮಸ್ ಊಟಕ್ಕೆ ಬಂದ ಅವನು ನೆಂಟರೆಲ್ಲರ ಎದುರು, ಇದು ಬೆತ್ಲೆಹೇಮಿಗೆ ಹೋಗುವ ಬಸ್ಸೋ ಸುಬ್ರಹ್ಮಣ್ಯಕ್ಕೆ ಹೋಗುವುದೋ ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಸುಮ್ಮನಿರಬಹುದಿತ್ತು. ನಿನ್ನ ಗೋದಲಿಯಲ್ಲಿ ಒಂಟೆಗಿಂತ ಕೋಳಿ ದೊಡ್ಡದು ಉಂಟಲ್ಲ, ಅದು ಯಾವ ಊರಿನ ಕೋಳಿ ಎಂದೆ. ಮಾತಿಗೆ ಮಾತು ಬೆಳೆದು, ಕೋಳಿ ಮತ್ತು ಬಸ್ಸನ್ನು ಬಿಟ್ಟು ನಮ್ಮ ಬಾಲ್ಯದವರೆಗೂ ಹೋಯಿತು. ಅವನು ತನಗೆ ಬಡಿಸಿದ್ದ ಸಣ್ಣ, ಅಂದರೆ ನಮ್ಮ ಹಬ್ಬದ ಇಡ್ಲಿಯ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದ. ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ಮಾಂಯ್ ಮಾತ್ರ ಎರಡು ಕ್ರಿಸ್ಮಸಿಗೂ ಅವನ ತಟ್ಟೆ ಇಟ್ಟಳು. ಇಬ್ಬರು ಮಕ್ಕಳೂ ಒಂದು ಮೇಜಿನಲ್ಲಿ ಕೂತು ಉಣ್ಣುವುದನ್ನು ಇನ್ನೊಮ್ಮೆ ನೋಡಬೇಕು ಎಂಬುದೊಂದೇ ಅವಳ ಆಸೆ. ಅವಳು ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಊಟ ಮುಗಿದ ಮೇಲೆ ಆ ಖಾಲಿ ತಟ್ಟೆಯನ್ನು ತೊಳೆದು ಇಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಅಂಗಳಕ್ಕೆ ಹೋಗುತ್ತಿದ್ದೆ. ಆದರೂ ಅವನೇ ಮೊದಲು ಫೋನು ಮಾಡಲಿ ಎಂದು ನಾನು ಕೂತಿದ್ದೆ. ನೋಡಿ, ಇದೊಂದು ವಿಷಯದಲ್ಲಿ ನನಗೆ ಎಷ್ಟು ವರ್ಷ ಬೇಕಾದರೂ ಕಾಯಲಿಕ್ಕೆ ಬರುತ್ತದೆ.

ಹೋದ ವರ್ಷ ಆಗಮನ ಕಾಲ ಬಂತು. ಹೆಂಡತಿ ಗ್ರೇಸಿ ಡಬ್ಬಿಯಿಂದ ಹೆಸರುಕಾಳು ತೆಗೆದು ಬಿತ್ತಿದಳು. ಮಾಂಯ್ ರಾಗಿ ಹಾಕಿದಳು. ನನಗೆ ಇದು ಹಿಡಿಸಲಿಲ್ಲ. ಗದ್ದೆ ಅಂದರೆ ಭತ್ತದ್ದು, ಹೆಸರುಕಾಳಿನ ಗದ್ದೆಯನ್ನು ಯಾರಾದರೂ ಕಂಡಿದ್ದಾರಾ ಎಂದು ಒಂದು ಭಾಷಣ ಮಾಡಿದೆ. ಭಾಷಣ ಮಾಡಿದ ಮೇಲೆ ಭತ್ತ ತರಬೇಕಲ್ಲ? ನಮ್ಮ ಕಡೆ ಈಗ ಗದ್ದೆ ಎಲ್ಲಿ ಉಂಟು ಮಾರಾಯ್ರೆ, ಎಲ್ಲ ತೋಟವಾಗಿದೆ. ಕೊನೆಗೆ ಒಂದು ಅಕ್ಕಿ ಮಿಲ್ಲಿಗೆ ಹೋದೆ. ಅಂಗಳದಲ್ಲಿ ಭತ್ತ ಬಿಸಿಲಿಗೆ ಹರಡಿತ್ತು. ಒಂದು ಮುಷ್ಟಿ ತೆಗೆದುಕೊಳ್ಳಲೇ ಎಂದು ಕೇಳಿದ್ದಕ್ಕೆ ಅಲ್ಲಿದ್ದವರು ತಲೆಯಾಡಿಸಿದರು. ಯಾತಕ್ಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಧ ಬಿತ್ತಿ, ಉಳಿದ ಅರ್ಧವನ್ನು ಪೊಟ್ಟಣ ಕಟ್ಟಿ ಫ್ರಿಜ್ಜಿನ ಮೇಲಿಟ್ಟೆ.

ಎರಡನೆಯ ಬತ್ತಿ ಹೊತ್ತಿಸುವ ಹೊತ್ತಿಗೆ ಹೆಸರುಕಾಳು ಎರಡೆಲೆ ಬಿಟ್ಟು ನಿಂತಿತ್ತು, ರಾಗಿ ಹಸಿರು ವೆಲ್ವೆಟ್ಟಿನ ಹಾಗೆ ಎದ್ದಿತ್ತು. ನನ್ನ ಗೆರಟೆಯಲ್ಲಿ ಮಣ್ಣು ಉಂಟು, ನೀರು ಉಂಟು, ಮತ್ತೆ ಎಂತದ್ದೂ ಇಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಗ್ರೇಸಿ ಗೋಡೆಗೆ ಹೇಳಿದಳು. ಮಾಂಯ್ ಗೆರಟೆಯನ್ನು ಎತ್ತಿ ನೋಡಿ, ನಿನ್ನ ತ್ಯಾಗ ಸಾಲುದಿಲ್ಲ ಕಾಣುತ್ತದೆ ಎಂದು ಕೆಳಗಿಟ್ಟಳು. ನನಗೆ ನಂಬಿಕೆ ಇರಲಿಲ್ಲ, ಆದರೆ ಹೆದರಿಕೆ ಇತ್ತು. ಊರಿನವರು ಗೋದಲಿ ನೋಡಲಿಕ್ಕೆ ಬಂದಾಗ ಯಜಮಾನನ ಗೆರಟೆ ಮಾತ್ರ ಬೋಳು ಎಂದಾದರೆ ಹೇಗೆ? ಮರುದಿನದಿಂದಲೇ ತ್ಯಾಗಕ್ಕೆ ಇಳಿದೆ.

ಪುತ್ತೂರಿನಲ್ಲಿ ನನ್ನದೊಂದು ಇಲೆಕ್ಟ್ರಿಕಲ್ ಅಂಗಡಿ. ಡಿಸೆಂಬರಿನಲ್ಲಿ ನಕ್ಷತ್ರ ಮತ್ತು ಸೀರಿಯಲ್ ಬಲ್ಬಿನ ವ್ಯಾಪಾರ. ಇದ್ದಬದ್ದ ಮಾಲೆಗಳನ್ನೆಲ್ಲ ಹೊತ್ತಿಸಿ ನೋಡಿ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೋಗುವ ಗಿರಾಕಿಗಳಿಗೆ ನಾನು ಹೇಳುವ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವರಿಗೆಲ್ಲ ಈಗ, ಆಗಲಿ, ನಿಧಾನಕ್ಕೆ ಬನ್ನಿ ಎಂದೆ. ಒಬ್ಬರು ನನಗೆ ಹುಷಾರಿಲ್ಲವಾ ಎಂದು ವಿಚಾರಿಸಿದರು. ಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸ ನಡೆದಿತ್ತು. ಕಾಯಿಸಿದ ಎಣ್ಣೆಯಿಂದ ಎದ್ದ ಬಿಸಿ ನೆವ್ರಿಯನ್ನು ಡಬ್ಬಿಗೆ ಹೋಗುವ ದಾರಿಯಲ್ಲೇ ಹಿಡಿಯುವುದು ನನ್ನ ಹಳೆಯ ಹಕ್ಕು, ಅದನ್ನೂ ಬಿಟ್ಟೆ. ಗ್ರೇಸಿಗೆ ಇದು ಒಳ್ಳೆಯ ಕಾಲವಾಯಿತು. ತೆಂಗಿನಕಾಯಿ ತುರಿದರೆ ಗೆರಟೆಗೆ ಒಳ್ಳೆಯದು, ಅಟ್ಟದ ಜೇಡನ ಮಾರಬಲೆ ತೆಗೆದರೆ ಇನ್ನೂ ಒಳ್ಳೆಯದು ಎಂದು ದಿನಕ್ಕೊಂದು ಕೆಲಸ ಹಚ್ಚಿದಳು. ಕಿಡಿಯೊ ಮಾಡುವಾಗ ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುತ್ತ ಸಂಜೆಯೆಲ್ಲ ಕೂತೆ, ಬೆರಳು ಸೆಟೆದುಕೊಂಡಿತು. ಭತ್ತ ಮಾತ್ರ ಅಲ್ಲಾಡಲಿಲ್ಲ. ಒಂದು ದಿನ ಮಣ್ಣನ್ನು ಕೆದಕಿ ನೋಡಿದೆ. ಬಿತ್ತಿದ ಹಾಗೆಯೇ ಮಲಗಿತ್ತು, ಸ್ವಲ್ಪ ವಾಸನೆಯೂ ಹಿಡಿದಿತ್ತು.

ಮೂರನೆಯ ಭಾನುವಾರದ ಬತ್ತಿ ಗುಲಾಬಿ ಬಣ್ಣದ್ದು, ಸಂತೋಷದ್ದು. ಅದನ್ನು ಹೊತ್ತಿಸಿ ಪ್ರಾರ್ಥನೆ ಮುಗಿದ ಮೇಲೆ ನಾನು ಸೋತು, ಇನ್ನೆಂತ ಬಿಡಬೇಕು ಹೇಳು ಎಂದು ಮಾಂಯಲ್ಲಿ ಕೇಳಿದೆ. ಅವಳು ಜಪಮಾಲೆಯನ್ನು ಡಬ್ಬಿಗೆ ಹಾಕುತ್ತ, ಕಷ್ಟವಾದದ್ದು ಯಾವುದೆಂದು ನಿನಗೇ ಗೊತ್ತುಂಟಲ್ಲ ಎಂದಳು. ಗೊತ್ತಿತ್ತು. ಅಂಗಳಕ್ಕೆ ಹೋಗಿ, ನಾಲ್ಕು ಸಲ ನಂಬರು ತೆಗೆದು ನಾಲ್ಕು ಸಲ ಜೇಬಿಗೆ ಹಾಕಿ, ಕಡೆಗೆ ಒತ್ತಿದೆ. ಅವನು ಫೋನು ಎತ್ತಿದ. ನನಗೆ ಕ್ಷಮಿಸು ಗಿಮಿಸು ಎಂದೆಲ್ಲ ಬಾಯಿಗೆ ಬರಲಿಲ್ಲ.

"ವಾಲಿ, ನನ್ನ ಗೆರಟೆ ಮೊಳೆಯುದಿಲ್ಲ ಮಾರಾಯ," ಎಂದೆ.

ಅವನು, "ಎಂತ ಬಿತ್ತಿದ್ದು?" ಎಂದ.

"ಭತ್ತ."

"ಭತ್ತ ಮೊಳೆಯದೆ ಎಂತ? ನಿನಗೆ ನೀರು ಹಾಕ್ಲಿಕ್ಕೂ ಬರುದಿಲ್ಲ. ತಡಿ, ನಾನೇ ಬಂದು ನೋಡ್ತೇನೆ."

ಒಬ್ಬ ತಮ್ಮನನ್ನು ಮನೆಗೆ ಕರೆಸಬೇಕಾದರೆ ಅಣ್ಣ ಏನಾದರೂ ತಪ್ಪು ಮಾಡಿರಬೇಕು, ಅದನ್ನು ತೋರಿಸಿಕೊಡುವ ಸಂತೋಷಕ್ಕೆ ಅವನು ಎಲ್ಲಿಂದಲಾದರೂ ಬರುತ್ತಾನೆ ಎಂದು ನನಗೆ ಆ ದಿನ ಗೊತ್ತಾಯಿತು. ಮರುದಿನ ಬೆಳಿಗ್ಗೆ ಚಾ ಕುಡಿಯುವ ಹೊತ್ತಿಗೆ ಅವನ ಬೈಕು ಅಂಗಳದಲ್ಲಿತ್ತು. ಅವನು ನೇರ ಗೆರಟೆಯ ಹತ್ತಿರ ಹೋಗಿ ಮೂಸಿ ನೋಡಿದ. ಉಳಿದ ಭತ್ತ ಉಂಟಾ ಎಂದ. ಫ್ರಿಜ್ಜಿನ ಮೇಲಿನ ಪೊಟ್ಟಣ ಕೊಟ್ಟೆ. ಒಂದು ಕಾಳನ್ನು ಉಗುರಿನಲ್ಲಿ ಸುಲಿದು, ಒಳಗಿನ ಗಾಜಿನಂಥ ಕೆಂಪು ಅಕ್ಕಿಯನ್ನು ನನ್ನ ಅಂಗೈಗೆ ಹಾಕಿದ.

"ಇದು ಕುಚ್ಚಲಕ್ಕಿಗೆ ಬೇಯಿಸಿದ ಭತ್ತ. ಬೇಯಿಸಿ ಒಣಗಲಿಕ್ಕೆ ಹಾಕಿದ್ದನ್ನು ತಂದು ಬಿತ್ತಿದ್ದೀ. ಇದು ಮುಂದಿನ ಕ್ರಿಸ್ಮಸಿಗೂ ಮೊಳೆಯಲಿಕ್ಕಿಲ್ಲ."

ಹೇಳಿದವನು ನಗಲಿಕ್ಕೆ ಸುರು ಮಾಡಿ ಮೆಟ್ಟಿಲಲ್ಲಿ ಕೂತುಬಿಟ್ಟ. ಬೇರೆ ಯಾವ ದಿನವಾದರೂ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆ ದಿನ ಮಾತ್ರ ಅವನ ಆ ನಗು ಕೇಳಿ ಎಷ್ಟು ಕಾಲವಾಯಿತು ಎಂದು ಕಾಣಿಸಿ, ನಾನೂ ಅವನ ಪಕ್ಕದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಲ್ಲ ನೀರೂ ನಗೆಯದ್ದೇ ಎಂದು ಹೇಳಲಾರೆ. ಮಾಂಯ್ ಬಾಗಿಲಲ್ಲಿ ನಿಂತಿದ್ದಳು. ಆಗ ನನಗೆ ಸಂಶಯ ಬಂತು. ಮದುವೆಯಾಗಿ ಬಂದಾಗಿನಿಂದ ಹಂಡೆಗಟ್ಟಲೆ ಭತ್ತ ಬೇಯಿಸಿ ಚಾಪೆಯಲ್ಲಿ ಒಣಗಿಸಿದವಳು ಅವಳು.

"ಮಾಂಯ್, ನಿನಗೆ ಗೊತ್ತಿತ್ತಾ?"

"ಗೊತ್ತಾಗದೆ ಎಂತ? ನೀನು ತಂದ ದಿನವೇ ಗೊತ್ತು."

"ಹಾಗಾದರೆ ಹೇಳುದಲ್ವಾ?"

"ಹೇಳಿದ್ದರೆ ನೀನು ಬೇರೆ ಭತ್ತ ತರುತ್ತಿದ್ದೆ. ವಾಲಿಯನ್ನು ತರುತ್ತಿರಲಿಲ್ಲ."

ಆ ಕ್ರಿಸ್ಮಸಿಗೆ ವಲೇರಿಯನ್ ಹೆಂಡತಿ ಮಕ್ಕಳೊಂದಿಗೆ ಬಂದ. ತನ್ನ ಮನೆಯಲ್ಲಿ ಮೊಳೆಸಿದ ಭತ್ತದ ಸಸಿಗಳನ್ನು ಒಂದು ತಟ್ಟೆ ತುಂಬ ತಂದು, ಇದು ಹಸಿ ಭತ್ತ ಎಂದು ಬಂದವರಿಗೆಲ್ಲ ವಿವರಿಸಿದ. ನಾನು ಸಣ್ಣವನ್ನು ಸಾರಿನಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದೆ. ಮಾಂಯ್ ನಮ್ಮಿಬ್ಬರಿಗೂ ಸಾರು ಬಡಿಸಿ, ಬಡಿಸಿದ್ದು ಮರೆತವಳ ಹಾಗೆ ಮತ್ತೆ ಬಡಿಸಿದಳು. ನಮಗಿಬ್ಬರಿಗೂ ಹೊಟ್ಟೆ ಬಿರಿಯುತ್ತಿತ್ತು, ಸಾಕು ಎಂದು ಹೇಳಲು ಒಬ್ಬನಿಗೂ ಮನಸ್ಸು ಬರಲಿಲ್ಲ.

ಈ ವರ್ಷದ ಆಗಮನ ಕಾಲ ಮೊನ್ನೆ ಸುರುವಾಯಿತು. ಗೆರಟೆಗೆ ಮಣ್ಣು ತುಂಬಿಸಿ, ಹೆಸರುಕಾಳೇ ಸಾಕು ಎಂದು ನಾನು ಡಬ್ಬಿಗೆ ಕೈ ಹಾಕಿದ್ದೆ. ಮಾಂಯ್ ತಡೆದು, ನಿನಗೆ ಬೇರೆ ತರಿಸಿದ್ದೇನೆ ಎಂದು ಒಂದು ಪೊಟ್ಟಣ ಕೊಟ್ಟು ಒಳಗೆ ಹೋದಳು. ಬಿಚ್ಚಿದೆ, ಭತ್ತ. ಒಂದು ಕಾಳನ್ನು ಸುಲಿದು ನೋಡಿದೆ. ಬೇಯಿಸಿದ್ದೇ. ಪಕ್ಕದ ಮನೆಯ ರೈಗಳ ನಾಯಿಯ ವಿಷಯದಲ್ಲಿ ಅವರಿಗೂ ನನಗೂ ಚೌತಿ ಕಳೆದ ಮೇಲೆ ಮಾತಿಲ್ಲ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಮಾಂಯಿಗೆ ಹೇಗೆ ಗೊತ್ತಾಯಿತೋ. ಸದ್ಯಕ್ಕೆ ನಾನೂ ಏನೂ ಗೊತ್ತಿಲ್ಲದವನ ಹಾಗೆ ಬಿತ್ತಿ, ದಿನಾ ನೀರು ಹಾಕುತ್ತ, ರೈಗಳ ಗೇಟಿನ ಕಡೆ ನೋಡುತ್ತಿದ್ದೇನೆ.